ಕನ್ನಡಿ ಮುಂದೆ ಓದುವ ಪುಸ್ತಕ

ನಾನು ಹುಟ್ಟಾ ಅನುಮಾನದವಳು. ಮೀನಿನವಳು ಒಂದು ಬಂಗುಡೆ ಹೆಚ್ಚಿಗೆ ಹಾಕಿದರೂ ಕಿವಿರು ಎತ್ತಿ ನೋಡುವ ಜಾತಿ. ಎರಡು ಸಾವಿರದ ಇಸವಿಯ ಆಚೀಚೆ ಕುವೈತಿನ ಮೈದಾನ್ ಹವಲ್ಲಿಯಲ್ಲಿ, ಒಂದು ಖಾಸಗಿ ಹೆರಿಗೆ ಆಸ್ಪತ್ರೆಯ ನರ್ಸ್ ಆಗಿದ್ದಾಗ ಆ ಗುಣ ಇನ್ನಷ್ಟು ಬಲಿಯಿತು. ಹಾಸ್ಟೆಲಿನ ನನ್ನ ರೂಮಿಗೆ ಕೆನ್ಯಾದ ಒಬ್ಬ ನರ್ಸನ್ನು ಹಾಕಿದರು. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಊರಿನವಳಾಗಿದ್ದರೆ ಮೊದಲ ದಿನವೇ ಅಕ್ಕ ಅನ್ನುತ್ತಿದ್ದೆ. ಅವಳನ್ನು ಆರು ತಿಂಗಳಾದರೂ ಸಿಸ್ಟರ್ ಅಂತಲೇ ಕರೆದೆ.

ಅವಳ ಹತ್ತಿರ ಒಂದು ಪುಸ್ತಕವಿತ್ತು. ಮುಖಪುಟದಲ್ಲಿ ತಲೆಗೆ ಹಳದಿ ಬಟ್ಟೆ ಸುತ್ತಿಕೊಂಡ ಕಪ್ಪು ಹೆಂಗಸು, ನಮ್ಮನ್ನೇ ನೇರವಾಗಿ ನೋಡುವ ಚಿತ್ರ. ಬೆಳಿಗ್ಗೆ ಸ್ನಾನ ಮುಗಿಸಿ ಕನ್ನಡಿ ಮುಂದೆ ನಿಂತು ಅದರಿಂದ ಒಂದೆರಡು ಸಾಲು ಗಟ್ಟಿಯಾಗಿ ಓದುತ್ತಿದ್ದಳು. ಪ್ರಾರ್ಥನೆಯಾಗಿದ್ದರೆ ಕಣ್ಣು ಮುಚ್ಚಬೇಕಿತ್ತು. ಇವಳು ತನ್ನನ್ನೇ ತಾನು ದುರುಗುಟ್ಟಿ ನೋಡುತ್ತಿದ್ದಳು. ನಾನು ಹೊದಿಕೆಯೊಳಗಿಂದ ಕದ್ದು ನೋಡುತ್ತಿದ್ದೆ.

ಕುವೈತಿನಲ್ಲಿ ರಜೆ ಶುಕ್ರವಾರವಾದ್ದರಿಂದ ಭಾನುವಾರದ ಬಲಿಪೂಜೆಯನ್ನು ನಾವು ಅಂದೇ ಮುಗಿಸುತ್ತಿದ್ದೆವು. ಇಗರ್ಜಿಯಿಂದ ಬರುವಷ್ಟರಲ್ಲಿ ನಮ್ಮ ರೂಮಿನ ಬಾಗಿಲು ಮುಚ್ಚಿರುತ್ತಿತ್ತು. ಒಳಗೆ ಆಫ್ರಿಕದ ನಾಲ್ಕೈದು ಹೆಂಗಸರು, ಹೆಚ್ಚಿನವರು ಮನೆಗೆಲಸದವರು, ನನ್ನ ಮಂಚದ ಮೇಲೂ ಕೂತು ಅದೇ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ನಾನು ಕಾಲಿಟ್ಟ ಕೂಡಲೇ ಮಾತು ನಿಲ್ಲುತ್ತಿತ್ತು. ಮನೆಮನೆಯಲ್ಲಿ ಪ್ರಾರ್ಥನಾಕೂಟ ನಡೆಸಿ ಇಗರ್ಜಿಯ ಜನರನ್ನು ಎಳೆದುಕೊಂಡು ಹೋಗುವ ಪಂಗಡಗಳನ್ನು ಊರಲ್ಲಿ ಕಂಡವಳು ನಾನು. ಇದೂ ಅದೇ ಎಂದು ತೀರ್ಮಾನಿಸಿದೆ. ಹಾಸ್ಟೆಲಿನಲ್ಲಿ ಗುಟ್ಟಿನ ಕೂಟ ಅಂತ ನಮ್ಮ ವೀಸಾ ಕೈಯಲ್ಲಿಟ್ಟುಕೊಂಡ ಧಣಿ ಕಫೀಲನ ಕಿವಿಗೆ ಬಿದ್ದರೆ ಅವಳ ಜೊತೆಗೆ ನನ್ನ ಇಕಾಮಾ, ಅಂದರೆ ವಾಸದ ಪರವಾನಗಿಯೂ ರದ್ದಾಗಿ ವಿಮಾನ ಹತ್ತಬೇಕಾದೀತು ಎಂಬ ಹೆದರಿಕೆ ಬೇರೆ.

ಕೊನೆಗೆ ಕೇಳಿಯೇಬಿಟ್ಟೆ. ಅವಳು ಪುಸ್ತಕವನ್ನೇ ನನ್ನ ಕೈಗಿಟ್ಟಳು. ಕಪ್ಪು ಹೆಂಗಸರು ತಮ್ಮ ಬೆಲೆ ತಾವು ತಿಳಿಯಲಿ ಅಂತ ಬರೆದ ಪುಸ್ತಕ. ನಮಗೆ ಬೇಕಾದ್ದನ್ನು ಕೇಳುವುದು ಹೇಗೆ ಎನ್ನುವ ಅಧ್ಯಾಯದ ತುಂಬ ಗೆರೆ ಎಳೆದಿದ್ದಳು. ಕ್ಷಮಿಸಿ ಅಂತ ಮಾತು ಶುರುಮಾಡಬೇಡ, ನಿನಗೆ ಬರುವ ಕೆಲಸವನ್ನು ನೀನೇ ಹೇಳು, ಅಂಥವು. ಶುಕ್ರವಾರದವರು ಆ ವಾರ ಯಾರು ಏನು ಕೇಳಿದೆವು ಅಂತ ಒಬ್ಬೊಬ್ಬರಾಗಿ ಹೇಳುತ್ತಿದ್ದರಂತೆ. ಒಬ್ಬಳು ತಾನು ಮಲಗುವ ಕೋಣೆಗೆ ಚಿಲಕ ಕೇಳಿದ್ದಳಂತೆ. ಇಷ್ಟೇ ಆದರೆ ಬಾಗಿಲು ಯಾಕೆ ಮುಚ್ಚಬೇಕು ಅಂತ ನನಗೆ ಮತ್ತೂ ಅನುಮಾನ.

ನನ್ನ ರೂಮಿನವಳಿಗೆ ಬೇಕಾದ್ದೇನು ಅಂತ ಎಲ್ಲರಿಗೂ ಗೊತ್ತಿತ್ತು. ಹದಿನಾಲ್ಕು ವರ್ಷ ಹೆರಿಗೆ ಮಾಡಿಸಿದವಳನ್ನು ಕತ್ತರಿ, ಟ್ರೇ ತೊಳೆದು ಬೇಯಿಸುವ ಕೋಣೆಗೆ ಹಾಕಿದ್ದರು. ರೋಗಿಗಳ ಮನೆಯವರಿಗೆ ಇಷ್ಟವಾಗುವುದಿಲ್ಲ ಎಂಬುದು ಕಾರಣ. ಮೂರೇ ವರ್ಷದ ಅನುಭವದ ನಾನು ಹೆರಿಗೆ ಕೋಣೆಯಲ್ಲಿದ್ದೆ.

ಒಂದು ಸಂಜೆ ಅವಳು, "ನೀನು ಮೇಟ್ರನ್ ಆಗು, ನಾನು ಕೇಳಿ ನೋಡ್ತೇನೆ. ಶನಿವಾರ ನಿಜವಾಗಿ ಕೇಳೋದಿದೆ," ಅಂದಳು. ನೆಟ್ಟಗೆ ನಿಂತು ಹೇಳಿದಳು: "ಹದಿನಾಲ್ಕು ವರ್ಷ ಈ ಕೆಲಸ ಮಾಡಿದ್ದೇನೆ. ನನಗೆ ಹೆರಿಗೆ ಕೋಣೆ ಕೊಡಿ. ಒಂದು ತಿಂಗಳು ನೋಡಿ, ಆಮೇಲೆ ಹೇಳಿ." ಇವಳು ಹೆರಿಗೆ ಕೋಣೆಗೆ ಬಂದರೆ ಕತ್ತರಿ ತೊಳೆಯಲು ಹೋಗುವವಳು ನಾನೇ. ನನ್ನಿಂದಲೇ ಹೂಂ ಅನ್ನಿಸಿಕೊಳ್ಳಲು ಈ ನಾಟಕ ಅನ್ನಿಸಿತು. ಯೋಚಿಸಿ ಹೇಳ್ತೇನೆ ಅಂತ ಮೇಟ್ರನ್ ಥರವೇ ಅಂದು ಎದ್ದುಬಿಟ್ಟೆ.

ನಮ್ಮಲ್ಲಿ ಡ್ಯೂಟಿ ಪಟ್ಟಿ ತಯಾರಾಗುತ್ತಿದ್ದದ್ದು ಆಫೀಸಿನಲ್ಲಲ್ಲ. ಮೇಟ್ರನ್ ನಮ್ಮ ಕರಾವಳಿಯವರೇ. ಕೊಂಕಣಿಯಲ್ಲಿ ಅಕ್ಕನನ್ನು ಕರೆಯುವ ಹಾಗೆ ಅವರನ್ನು ಬಾಯ್ ಅನ್ನುತ್ತಿದ್ದೆವು. ಬುಧವಾರ ಹತ್ತು ಗಂಟೆಗೆ ಬಟ್ಟೆ ದಾಸ್ತಾನಿನ ಕೋಣೆಯಲ್ಲಿ ನಾವು ಊರಿನ ಐದಾರು ಮಂದಿ ಅವರೊಡನೆ ಚಹಾ ಕುಡಿಯುತ್ತಿದ್ದೆವು. ಯಾರಿಗೆ ರಜೆ ಬೇಕು, ಯಾರ ಮಗುವಿಗೆ ಜ್ವರ ಅಂತ ಕೊಂಕಣಿಯಲ್ಲಿ ಮಾತಾಡುತ್ತಲೇ ಮುಂದಿನ ವಾರದ ಪಟ್ಟಿ ಮುಗಿದಿರುತ್ತಿತ್ತು. ಇದರಲ್ಲಿ ತಪ್ಪಿದೆ ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ. ಒಂದೇ ಮನೆಯವರ ಹಾಗಿದ್ದೇವೆ ಅಂತ ಹೆಮ್ಮೆಯೇ ಇತ್ತು.

ಆ ಬುಧವಾರ ನಾನು ಬಾಯಿಬಿಟ್ಟೆ. "ಬಾಯ್, ನನ್ನ ರೂಮಿನವಳು ಶನಿವಾರ ನಿಮ್ಮತ್ರ ಬರ್ತಾಳೆ. ಪುಸ್ತಕ ನೋಡಿ ಬಾಯಿಪಾಠ ಮಾಡಿದ್ದಾಳೆ." ಅವಳ ಮಾತುಗಳನ್ನು ಅವಳ ಇಂಗ್ಲಿಷಿನಲ್ಲೇ, ಅವಳದೇ ರಾಗದಲ್ಲಿ ಅಣಕಿಸಿ ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬಾಯ್ ಮಾತ್ರ ನಗದೆ, "ಹೇಳಿದ್ದು ಒಳ್ಳೇದಾಯ್ತು ಮಾರಾಯ್ತಿ," ಅಂದರು.

ಶನಿವಾರ ಅವಳು ಬಾಯಿ ತೆರೆಯುವ ಮೊದಲೇ ಕಾಗದ ಟೈಪಾಗಿತ್ತು. ಅವಳನ್ನು ಆ ತೊಳೆಯುವ ಕೋಣೆಗೇ ಕಾಯಂ ಮಾಡಿದ ಆದೇಶ. "ಒಂದು ತಿಂಗಳು ನೋಡಿ ಅಂತ ನೀನು ಹೇಳೋಳಿದ್ದೆ, ಅಲ್ವಾ?" ಅಂತ ಮೇಟ್ರನ್ ಕೇಳಿದರಂತೆ.

ಸಂಜೆ ಅವಳು ಜಗಳಕ್ಕೆ ಬರುತ್ತಾಳೆಂದು ನಾಲ್ಕು ಸುಳ್ಳು ಸಿದ್ಧಮಾಡಿಕೊಂಡು ಕೂತಿದ್ದೆ. ಅವಳು ಸಮವಸ್ತ್ರ ಮಡಚುತ್ತ ಮೆಲ್ಲಗೆ ಹೇಳಿದಳು: "ನಿಮ್ಮ ಬುಧವಾರದ ಚಹಾ ನನಗೆ ಗೊತ್ತು. ಎಲ್ಲ ತೀರ್ಮಾನ ಆಗೋದು ಅಲ್ಲೇ. ಅಲ್ಲಿ ನನಗೆ ಕುರ್ಚಿಯೂ ಇಲ್ಲ, ಭಾಷೆಯೂ ಇಲ್ಲ. ನೀನಾದರೂ ನನ್ನ ಪರವಾಗಿ ಹೇಳ್ತೀಯ ಅಂತಲೇ ನಿನ್ನೆದುರು ಹೇಳಿದ್ದು."

"ಹೇಳಿದೆ," ಅಂದೆ.

"ಗೊತ್ತು. ನಾನು ಕೆಲಸ ಮಾಡೋದು ಆ ಬಟ್ಟೆ ಕೋಣೆಯ ಗೋಡೆಯ ಈಚೆ. ನಿಮ್ಮ ಭಾಷೆ ಅರ್ಥ ಆಗಲ್ಲ, ಇಂಗ್ಲಿಷ್ ಆಗುತ್ತೆ," ಅಂದಳು. "ನಗುವೂ ಆಗುತ್ತೆ."

ಮರುವಾರ ಚಹಾ ಕುಡಿಯುವಾಗ, ನನಗೆ ಬೇರೆ ರೂಮು ಬೇಕು ಅಂತ ಕೇಳಿದೆ. ಬಾಯ್ ಕಾರಣವನ್ನೂ ಕೇಳದೆ ಎರಡೇ ದಿನದಲ್ಲಿ ಕೊಟ್ಟರು.