ಕಾಗೆಯ ಎಡೆಗೊಂದು ಪಂಪ್ ಗನ್

ನಮ್ಮಪ್ಪ ಜೀವಮಾನದಲ್ಲಿ ಒಂದು ಹಕ್ಕಿಯನ್ನೂ ಕೊಂದವನಲ್ಲ. ಆದರೆ ಹಕ್ಕಿ ಹೊಡೆಯಲು ಯಾವ ಬಂದೂಕು ಒಳ್ಳೆಯದು ಎಂದು ಅವನಷ್ಟು ತಲೆ ಕೆಡಿಸಿಕೊಂಡ ಮನುಷ್ಯ ಬಸವೇಶ್ವರನಗರದಲ್ಲಿ ಇನ್ನೊಬ್ಬನಿರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ, ಸೂಪರಿಂಟೆಂಡೆಂಟಾಗಿ ನಿವೃತ್ತನಾದವನು. ಓರಗೆಯವರು ವಾಕಿಂಗು, ಭಜನೆ, ಬಡಾವಣೆಯ ಸಂಘದ ಜಗಳ ಅಂತ ಹೊತ್ತು ಹಂಚಿಕೊಂಡರೆ, ಅಪ್ಪ ತನ್ನ ನಿವೃತ್ತ ಜೀವನವನ್ನು ಒಳ್ಳೆಯದೊಂದು ಪಂಪ್ ಗನ್ ಆರಿಸುವ ಕೆಲಸಕ್ಕೆ ಮುಡಿಪಿಟ್ಟ.

ಪಂಪ್ ಗನ್ ಎಂದರೆ, ನಳಿಗೆಯ ಕೆಳಗಿನ ಹಿಡಿಯನ್ನು ಒಮ್ಮೆ ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಖಾಲಿ ತೋಟಾ ಹೊರಗೆ ಹಾರಿ, ಹೊಸದು ಒಳಗೆ ಬಂದು ಕೂರುವ ಬಂದೂಕು. ಇದನ್ನು ನಾನು ಓದಿ ಕಲಿತದ್ದಲ್ಲ. ಊಟಕ್ಕೆ ಕೂತಾಗಲೆಲ್ಲ ಅಪ್ಪ ನುಗ್ಗೇಕಾಯಿ ಹಿಡಿದು ತೋರಿಸಿ ಕಲಿಸಿದ್ದು.

ಹುಚ್ಚು ಹತ್ತಿದ್ದು ತಾತನಿಂದ. ಮಾಗಡಿ ಕಡೆಯ ಹೊಲಕ್ಕೆ ನುಗ್ಗುವ ಹಂದಿ ಬೆದರಿಸಲು ತಾತ ಒಂಟಿ ನಳಿಗೆಯ ಕೋವಿ ಇಟ್ಟುಕೊಂಡಿದ್ದ. ಅವನ ಕಾಲಾನಂತರ ಕೋವಿಯೂ ಅದರ ಲೈಸೆನ್ಸೂ ಅಪ್ಪನ ಪಾಲಿಗೆ ಬಂದವು. ಚುನಾವಣೆ ಬಂದಾಗ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ನಮ್ಮಲ್ಲಿ ಮಳೆ ತಪ್ಪಿದರೂ ಚುನಾವಣೆ ತಪ್ಪುವುದಿಲ್ಲವಲ್ಲ, ಹಾಗಾಗಿ ಕೋವಿ ಮನೆಯಲ್ಲಿದ್ದದ್ದಕ್ಕಿಂತ ಠಾಣೆಯಲ್ಲಿದ್ದದ್ದೇ ಹೆಚ್ಚು. ಕೊನೆಗೆ ತುಕ್ಕು ಹಿಡಿದ ಅದನ್ನು ಅಪ್ಪ ಬಿಟ್ಟುಕೊಟ್ಟ. ಲೈಸೆನ್ಸನ್ನು ಬಿಡಲಿಲ್ಲ. ಹಕ್ಕಿ ಬೇಟೆ ನಿಷೇಧವಾಗಿ ಎಷ್ಟು ಕಾಲವಾಯಿತು, ಕೌಜುಗದ ಒಂದು ಪುಕ್ಕ ಕೈಯಲ್ಲಿ ಸಿಕ್ಕರೂ ಜೈಲು ಎಂದು ನಾನು ಹೇಳಿದರೆ, ಕಾನೂನು ನನಗಿಂತ ಚೆನ್ನಾಗಿ ಬಲ್ಲ ಅಪ್ಪ, ನಾಳೆ ಸರ್ಕಾರ ಮನಸ್ಸು ಬದಲಾಯಿಸಿದರೆ ಆಗ ಓಡಾಡಲಾಗುತ್ತದೆಯೇ ಎನ್ನುತ್ತಿದ್ದ.

ಪೇಟೆಯ ಬಂದೂಕಿನ ಅಂಗಡಿಗೆ ನಾನೂ ಅವನ ಜೊತೆ ಹೋಗಿದ್ದೇನೆ. ಮೊದಮೊದಲು ಅಂಗಡಿಯವರು ಕಾಫಿ ತರಿಸುತ್ತಿದ್ದರು. ಆಮೇಲೆ ಬರೀ ನೀರು. ಆಮೇಲಾಮೇಲೆ ಅಪ್ಪನ ತಲೆ ಬಾಗಿಲಲ್ಲಿ ಕಂಡರೆ ಸಾಕು, ಮಾಲೀಕರು ಒಳಗೆ ಫೋನ್ ಬಂದಿದೆ ಎಂದು ಎದ್ದು ಹೋಗುತ್ತಿದ್ದರು. ಸ್ಪರ್ಧೆಯಲ್ಲಿ ಕೊನೆಗೆ ಎರಡು ಉಳಿದವು. ಒಂದರ ಹಿಡಿ ಮರದ್ದು, ಇನ್ನೊಂದರದ್ದು ಕಪ್ಪು ಪ್ಲಾಸ್ಟಿಕ್. ಮರದ್ದು ನೋಡಲು ಲಕ್ಷಣ, ಆದರೆ ಭಾರ. ಕಪ್ಪನೆಯದು ಹಗುರ, ಆದರೆ ಅಪ್ಪನ ಮಾತಿನಲ್ಲಿ ಹೇಳುವುದಾದರೆ, ಬಚ್ಚಲುಮನೆ ತೊಳೆಯುವ ಸಾಮಾನಿನ ಹಾಗಿತ್ತು. ಮನೆಯಲ್ಲಿ ಎರಡು ಪಕ್ಷಗಳಾದವು. ನಾನು ಮರದ ಕಡೆ, ಅಕ್ಕ ಕಪ್ಪಿನ ಕಡೆ. ಭಾವ ಅಳಿಯನಾದ್ದರಿಂದ, ಮಾವ ಯಾವುದನ್ನು ಹೊಗಳುತ್ತಾರೋ ಆ ಹೊತ್ತಿಗೆ ಅದರ ಕಡೆ.

ಬಂದೂಕು ಭುಜಕ್ಕೆ ಹೊಂದುವುದು ಮುಖ್ಯ ಎಂದು ಅಪ್ಪ ಕೊಡೆ ಹಿಡಿದು ಅಭ್ಯಾಸ ಮಾಡುತ್ತಿದ್ದ. ಉದ್ದನೆಯ ಕರಿ ಕೊಡೆ. ಬಿಡಿಸಿದಾಗ ತಡೆದು ನಿಲ್ಲಿಸುವ ಅದರ ಕುದುರೆ ಸವೆದುಹೋಗಿ, ಕಂಬಿಯ ಮೇಲಿನ ತಗಡಿನ ಕೊಳವೆ ಹಿಂದಕ್ಕೂ ಮುಂದಕ್ಕೂ ಸಲೀಸಾಗಿ ಜಾರುತ್ತಿತ್ತು. ಚರಕ್ ಎಂದು ಹಿಂದಕ್ಕೆ, ಚರಕ್ ಎಂದು ಮುಂದಕ್ಕೆ. ಬೆಳಿಗ್ಗೆ ತಿಂಡಿಯ ತಟ್ಟೆ, ಫೋನು, ಕೊಡೆ ಮೂರನ್ನೂ ಹೊತ್ತು ಟೆರೇಸಿಗೆ ಹೋಗಿಬಿಡುತ್ತಿದ್ದ. ಬಂದೂಕಿನ ವಿಡಿಯೋ ನೋಡುತ್ತಾ ತಿನ್ನುವುದಂತೆ. ನಾವು ಆ ಹೊತ್ತಿಗೆ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿರುತ್ತಿದ್ದೆವು. ಅಮ್ಮ ಅವನ ತಟ್ಟೆಗೆ ಎಲ್ಲರಿಗಿಂತ ಹೆಚ್ಚು ಇಡ್ಲಿ ಹಾಕುತ್ತಿದ್ದಳು, ತಟ್ಟೆ ಖಾಲಿಯಾಗಿಯೇ ಕೆಳಗೆ ಬರುತ್ತಿತ್ತು. ಈ ವಯಸ್ಸಿನಲ್ಲೂ ಎಂಥಾ ಹಸಿವು ಎಂದು ಭಾವ ಕಣ್ಣರಳಿಸುತ್ತಿದ್ದ.

ಹೀಗಿರುವಾಗ ಅಪ್ಪ ತೀರಿಕೊಂಡ. ಮರವೋ ಕಪ್ಪೋ ಎಂಬುದು ತೀರ್ಮಾನವಾಗದೆಯೇ ಉಳಿಯಿತು. ನನಗೆ ತುಂಬಾ ದುಃಖವಾಗಿತ್ತು. ಆ ದುಃಖದ ನಡುವೆಯೂ, ಛೇ, ಒಂದು ಮಾತು ಹೇಳಿ ಹೋಗಬಾರದಿತ್ತೇ ಎಂದು ಸಿಟ್ಟೂ ಬಂದಿತ್ತು.

ವರ್ಷದ ತಿಥಿ ಮುಗಿದ ಮೇಲೆ ಬಂದ ಮೊದಲ ಪಿತೃಪಕ್ಷ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ ಎಡೆ ಇಡುವುದು, ಆಮೇಲೆ ಅದನ್ನು ಟೆರೇಸಿನ ಮೇಲಿಟ್ಟು ಕಾಗೆ ಕರೆಯುವುದು ನಮ್ಮ ಪದ್ಧತಿ. ಕಾಗೆ ಮುಟ್ಟಿದರೆ ಹಿರಿಯರು ಉಂಡಂತೆ. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ. ಊಟ ಇನ್ನೇನು ಆಗೇ ಹೋಗುತ್ತದೆ ಎಂಬ ಭರವಸೆಯಲ್ಲಿ ಅವಳು ಮಾತ್ರೆಯನ್ನು ಮೊದಲೇ ನುಂಗಿಬಿಟ್ಟಿದ್ದಳು.

ಮುದ್ದೆ, ಮಟನ್ ಸಾರು, ಕಜ್ಜಾಯ, ವಡೆ, ಒಂದು ಸಿಗರೇಟು ಎಲ್ಲ ಇಟ್ಟಾಯಿತು. ಕಾಗೆ ಬರಲಿಲ್ಲ. ಆ ದಿನ ಕಾಗೆಗಳಿಗೆ ಮಂತ್ರಿಗಳಿಗಿಂತ ಹೆಚ್ಚು ಬೇಡಿಕೆ. ಅಕ್ಕಪಕ್ಕದ ಟೆರೇಸುಗಳಲ್ಲೆಲ್ಲ ಬ್ಯಾಂಕಿನವರು, ಮೇಷ್ಟ್ರುಗಳು ಆಕಾಶ ನೋಡಿಕೊಂಡು ಕಾ ಕಾ ಎನ್ನುತ್ತಿದ್ದರು. ಕಾಗೆಗಳೋ, ಹೊಟ್ಟೆ ಬಿರಿಯ ತಿಂದು ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ಕೂತು ನಮ್ಮನ್ನು ನೋಡುತ್ತಿದ್ದವು. ನಮ್ಮ ಎಲೆಗೆ ಬಂದದ್ದು ಪಾರಿವಾಳ. ಪಾರಿವಾಳವೂ ಪಕ್ಷಿಯೇ ಅಲ್ಲವೇ, ಅಡ್ಜಸ್ಟ್ ಮಾಡಿಕೊಳ್ಳೋಣ ಎಂದು ಭಾವ ಸೂಚಿಸಿದ. ಅಕ್ಕ ಅವನನ್ನು ಒಂದು ನೋಟ ನೋಡಿದಳು, ಅವನೇ ಎದ್ದು ಪಾರಿವಾಳ ಓಡಿಸಿದ.

ಆಸೆ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ, ಆ ಆಸೆಯನ್ನು ನಡೆಸಿಕೊಡುತ್ತೇವೆ ಎಂದು ಬಾಯಿಬಿಟ್ಟು ಮಾತು ಕೊಡಬೇಕು. ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದೆ. ಕಾಗೆ ಅಲುಗಲಿಲ್ಲ. ನಾವಿಬ್ಬರೂ ಜಗಳ ಆಡುವುದಿಲ್ಲ ಎಂದು ಅಕ್ಕ ಹೇಳಿದಳು. ಅದನ್ನು ಕಾಗೆ ಮಾತ್ರವಲ್ಲ, ನಾನೂ ನಂಬಲಿಲ್ಲ. ಅಷ್ಟರಲ್ಲಿ ಅವಳಿಗೇ ಹೊಳೆಯಿತು.

"ಗನ್ನು ಕಣೋ. ಅಪ್ಪಂಗೆ ಇನ್ಯಾವ ಆಸೆ ಇತ್ತು ಹೇಳು? ಕಪ್ಪು ಗನ್ ತಗೋತೀವಿ ಅಂತ ಹೇಳು."

ಮರದ್ದು ಎಂದೆ. ಕಪ್ಪು ಎಂದಳು. ಜಗಳ ಆಡುವುದಿಲ್ಲ ಎಂದು ಮಾತು ಕೊಟ್ಟು ಬಾಯಿ ಮುಚ್ಚುವುದರೊಳಗೆ ಎಡೆಯ ಮುಂದೆಯೇ ಜಗಳ ಶುರುವಾಯಿತು. ಹಕ್ಕಿಯನ್ನು ಊಟಕ್ಕೆ ಕರೆಯಲು ಹಕ್ಕಿ ಹೊಡೆಯುವ ಬಂದೂಕಿನ ಆಸೆ ತೋರಿಸುತ್ತಿದ್ದೇವಲ್ಲ ಎಂದು ಯಾರಿಗೂ ಅನ್ನಿಸಲಿಲ್ಲ. ಡಿಗ್ರಿ ಪಡೆದ ಮೂವರಿದ್ದೆವು ಅಲ್ಲಿ.

ಭಾವ ನಡುವೆ ಬಂದು, ಎರಡನ್ನೂ ತೋರಿಸಿದರಾಯಿತು, ಮಾವನವರೇ ಆರಿಸಿಕೊಳ್ಳಲಿ ಎಂದು ಹೇಳಿ, ಅಪ್ಪ ದಿನಾ ನೋಡುತ್ತಿದ್ದ ವಿಡಿಯೋ ಹುಡುಕಿ ಫೋನನ್ನು ಎಲೆಯ ಪಕ್ಕದಲ್ಲಿ ಒರಗಿಸಿದ. ಆಶ್ಚರ್ಯವೆಂದರೆ, ಒಂದು ಕಾಗೆ ಟ್ಯಾಂಕು ಬಿಟ್ಟು ನಮ್ಮ ಪ್ಯಾರಪೆಟ್ ಗೋಡೆಗೆ ಬಂದು ಕೂತಿತು. ಕತ್ತು ಕೊಂಕಿಸಿ ನೋಡಿತು. ವಿಡಿಯೋದಲ್ಲಿದ್ದ ದಪ್ಪ ಮನುಷ್ಯ ಆಗಲೇ ಗುಂಡು ಹಾರಿಸಬೇಕೆ. ಭಾವ ವಾಲ್ಯೂಮ್ ಪೂರ್ತಿ ಏರಿಸಿದ್ದ. ನಮ್ಮ ಕಾಗೆಯಷ್ಟೇ ಅಲ್ಲ, ಸುತ್ತಲ ಟೆರೇಸುಗಳ ಕಾಗೆಗಳೂ ಒಂದೇ ಏಟಿಗೆ ಎದ್ದು ಹಾರಿದವು. ಪಕ್ಕದ ಮನೆಯ ಮೇಷ್ಟ್ರು, "ಏನ್ ಸಾರ್ ಇದು, ನಮ್ಮನೆ ಎಡೆ ಈಗ ತಾನೆ ಮುಟ್ತಾ ಇತ್ತು," ಎಂದು ನೊಂದುಕೊಂಡರು.

ಹಿಂದಿರುಗಿ ನೋಡಿದರೆ ಅಮ್ಮ ಮೆಟ್ಟಿಲ ಬಾಗಿಲಿಗೆ ಒರಗಿದ್ದಳು. ಹಣೆಯ ಮೇಲೆ ಬೆವರು, ಕೈ ನಡುಗುತ್ತಿತ್ತು. ಮಾತ್ರೆಗೆ ಸಕ್ಕರೆ ಇಳಿದುಬಿಟ್ಟಿತ್ತು. ಕಾಗೆಯೂ ಬೇಡ, ಏನೂ ಬೇಡ, ಊಟ ಮಾಡು ಎಂದು ಬೇಡಿಕೊಂಡೆ. ಒಂದು ಲೋಟ ಶರಬತ್ತಾದರೂ ಕುಡಿ ಎಂದು ಅಕ್ಕ ಅಳುವ ದನಿಯಲ್ಲಿ ಹೇಳಿದಳು. ಅಮ್ಮ ಕೇಳಲಿಲ್ಲ.

"ಅವರು ಉಣ್ಣದೆ ನಾನ್ ಯಾವತ್ತೂ ಉಂಡಿಲ್ಲ," ಎಂದಳು. ಆಮೇಲೆ ಕಾಗೆಗಳಿಲ್ಲದ ಟ್ಯಾಂಕಿನ ಕಡೆ ನೋಡಿ, "ಮಗ, ಆ ಕೊಡೆ ತಗೊಂಬಾ," ಎಂದಳು.

ಬಿಸಿಲಿಗೆ ಕೇಳುತ್ತಿದ್ದಾಳೆ ಎಂದುಕೊಂಡು ಓಡಿಹೋಗಿ ತಂದುಕೊಟ್ಟೆ. ಅವಳು ಬಿಡಿಸಲಿಲ್ಲ. ಕೊಡೆಯ ಹಿಡಿಯನ್ನು ಭುಜಕ್ಕೆ ಆನಿಸಿದಳು. ಒಂದು ಕಣ್ಣು ಮುಚ್ಚಿದಳು. ತುದಿಯನ್ನು ಟ್ಯಾಂಕಿನ ಕಡೆಗೆ ತಿರುಗಿಸಿ ಕೊಳವೆಯನ್ನು ಚರಕ್ ಎಂದು ಹಿಂದಕ್ಕೆಳೆದು, ಚರಕ್ ಎಂದು ಮುಂದಕ್ಕೆ ತಳ್ಳಿದಳು. ಮೆಲ್ಲಗೆ, ನಾಚಿಕೊಂಡವಳಂತೆ, "ಠೋ," ಎಂದಳು.

ಎಲ್ಲಿದ್ದವೋ, ಕಾಗೆಗಳು ಬಂದವು. ಒಂದಲ್ಲ ಎರಡಲ್ಲ, ಹಿಂಡಾಗಿ ಬಂದವು. ಕೊಡೆಗೆ ಹೆದರುವುದಿರಲಿ, ಅಮ್ಮನ ಕಾಲ ಬುಡದಲ್ಲೇ ಇಳಿದು ಅವಳ ಕೈ ನೋಡಿದವು. ಏನೂ ಬೀಳದ್ದು ಕಂಡು ಎಲೆಗೆ ನುಗ್ಗಿ ಮಟನ್ನಿಗೆ ಬಾಯಿ ಹಾಕಿದವು.

ಅಮ್ಮನೇ ಹೇಳಿದಳು.

"ದಿನಾ ಬೇಟೆ ಆಡೋರು ಕಣೋ ಇಲ್ಲಿ. ಒಂದು ಸಲ ಗುಂಡು ಹೊಡೆಯೋದು, ಒಂದು ತುಂಡು ಇಡ್ಲಿ ಎಸೆಯೋದು. ಮಕ್ಕಳಿಗೆ ಹೇಳ್ಬೇಡ, ಬೇಟೆಗಾರನ ಮರ್ಯಾದೆ ಹೋಗುತ್ತೆ ಅಂತ ಆಣೆ ಹಾಕಿಸ್ಕೊಂಡಿದ್ರು."

ಕೈ ನಡುಗುವವರೆಗೂ ಅವಳು ಆ ಮರ್ಯಾದೆಯನ್ನು ಕಾಯ್ದುಕೊಂಡು ನಿಂತಿದ್ದಳು. ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಅಕ್ಕ ಆಗಲೇ ಅಳುತ್ತಿದ್ದಳು. ಭಾವ ಫೋನನ್ನು ಜೇಬಿಗೆ ಹಾಕಿಕೊಂಡು ಕೆಳಗೆ ಓಡಿ ಇನ್ನೊಂದು ಎಲೆ ತಂದ.

ಕೆಳಗೆ ಹೋಗೋಣ ಎಂದರೆ ಅಮ್ಮ ಒಪ್ಪಲಿಲ್ಲ. ಅಲ್ಲೇ ನಮ್ಮ ಮನೆಯ ಟ್ಯಾಂಕಿನ ನೆರಳಿನಲ್ಲಿ, ಕಾಗೆಗಳಿಗೆ ಎದುರಾಗಿ, ಕೊಡೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಊಟಕ್ಕೆ ಕೂತಳು.