ಹನುಮವ್ವನ ಕಿವಿ, ಕೊರಳಲ್ಲಿ ಹೆಲ್ಪರ್ ಕಾರ್ಡು

ಪೀಣ್ಯದ ಕಾರ್ಖಾನೆಯೊಂದರಲ್ಲಿ ಬೆಳಗಿನ ಆರು ಗಂಟೆ. ಮೊದಲ ಪಾಳಿಯ ಸೈರನ್ ಈಗಷ್ಟೇ ಆಗಿದೆ. ಹನುಮವ್ವ ಸ್ಕ್ರೂಡ್ರೈವರಿನ ತುದಿಯನ್ನು ಲೇತ್ ಯಂತ್ರಕ್ಕೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತಿದ್ದಾರೆ. "ಬೇರಿಂಗ್ ಹೋಗೇತ್ರಿ. ಇವತ್ತ ಬಿಚ್ಚಿದ್ರ ಚಲೋ," ಎನ್ನುತ್ತಾರೆ. ಬಿಚ್ಚಿ ನೋಡಿದರೆ ಒಳಗಿನ ಒಂದು ಗುಂಡು ಸೀಳಿದೆ.

ಗದಗ ಕಡೆಯ ಕಮ್ಮಾರನ ಮಗಳು. ಮಾದನಾಯಕನಹಳ್ಳಿಯ ಬಾಡಿಗೆ ಕೋಣೆಯಿಂದ ಎರಡು ಬಸ್ಸು ಹಿಡಿದು ಬರುತ್ತಾರೆ. ಹನ್ನೊಂದು ವರ್ಷದಿಂದ ಲೇತ್ ನಡೆಸುತ್ತಿದ್ದಾರೆ. ಪಾಳಿಗೆ ನೂರನಲವತ್ತು ಬುಷ್ಷು ಎಂಬ ಲೋಹದ ಬಳೆ, ತಿಂಗಳಿಗೆ ಹೆಚ್ಚೆಂದರೆ ಎರಡು ರಿಜೆಕ್ಟು. ಇವರ ಕೈಕೆಳಗೆ ಕಲಿತ ಏಳು ಗಂಡಸರು ಇಂದು ಆಪರೇಟರುಗಳು. ಇವರ ಕೊರಳಿನ ಕಾರ್ಡಿನಲ್ಲಿ ಮಾತ್ರ ಇಂದಿಗೂ 'ಹೆಲ್ಪರ್' ಎಂದೇ ಇದೆ.

ಸಾಲದ್ದಕ್ಕೆ ಒಂದನೇ ತಾರೀಖಿನಿಂದ ಪ್ಯಾಕಿಂಗಿಗೆ ಹಾಕುತ್ತಾರಂತೆ. ಕಳೆದ ತಿಂಗಳು ತರಬೇತಿ ಕೊಡಲು ಬಂದ ಮಹಾಶಯರೊಬ್ಬರು ಪರದೆಯ ಮೇಲೆ ಮಿದುಳಿನ ಚಿತ್ರ ತೋರಿಸಿ, ಯಂತ್ರದ ಬುದ್ಧಿ ಗಂಡಿನ ಜೀನಿನಲ್ಲೇ ಇರುತ್ತದೆ, ಹೆಣ್ಣಿಗಿರುವುದು ತಾಳ್ಮೆ ಎಂದು ಹೇಳಿ ಹೋದರು. ಅರ್ಧ ಗಂಟೆಯ ಭಾಷಣ ಹನ್ನೊಂದು ವರ್ಷದ ದುಡಿಮೆಯನ್ನು ನುಂಗಿ ನೀರು ಕುಡಿಯಿತು. ಕೇಳಿದರೆ ಮೈ ಉರಿಯುತ್ತದೆ. ಕಣ್ಣೆದುರಿನ ಕೆಲಸವೇ ಕಾಣದವರಿಗೆ ಜೀನು ಹೇಗೆ ಕಂಡಿತೋ ನಾನರಿಯೆ.

ಸೂಪರ್‌ವೈಸರ್ ವೆಂಕಟೇಶಪ್ಪ ಈ ಸೀಮೆಯವರೇ. "ನಾವೇನ್ ಮಾಡಾಣ ಸಾರ್? ನೂಲಿನಂತೆ ಸೀರೆ ಅಂತಾರಲ್ಲ. ಹುಟ್ಟಿದಂಗೆ ತಾನೆ ಗುಣ," ಎಂದು ನನ್ನೆದುರು ಕೈ ಚೆಲ್ಲುತ್ತಾರೆ.

ಹನುಮವ್ವ ಬಟ್ಟೆಯಿಂದ ಕೈಯ ಆಯಿಲ್ ಒರೆಸಿಕೊಳ್ಳುತ್ತಾರೆ. "ಕಿವಿ ನಮ್ಮಪ್ಪಂದ ಖರೇರಿ. ಸಪ್ಪಳ ಕೇಳೇ ಕಬ್ಬಿಣ ಎಲ್ಲಿ ಸೀಳೈತಿ ಹೇಳ್ತಿದ್ದ. ನಮ್ಮಣ್ಣಗೂ ಅದ ಕಿವಿ ಬಂದೈತಿ. ಆದ್ರ ಹೊಗಿ ಆಗವಲ್ದು ಅಂತ ಅಂವ ಕುಲುಮಿ ಕಡೆ ಬರಲಿಲ್ಲ, ಈಗ ಭಜನ್ಯಾಗ ತಬಲಾ ಶ್ರುತಿ ಹಚ್ಚತಾನ. ತಿದಿ ಒತ್ತಾಕ ನಾ ಕುಂತೆ. ಕುಂದರದಿದ್ರ ಈ ಕಿವಿ ಝುಮಕಿ ಹಾಕ್ಕೊಳ್ಳಾಕಷ್ಟ ಆಗ್ತಿತ್ತು. ಬರೇ ನೂಲಿದ್ರ ಸೀರಿ ಆಗತೈತೇನ್ರಿ? ನೇಯೋರು ಬ್ಯಾಡೇನು?"

ವೆಂಕಟೇಶಪ್ಪ ಏನೋ ಹೇಳಹೊರಡುವಷ್ಟರಲ್ಲಿ ಆಚೆ ಸಾಲಿನ ಯಂತ್ರವೊಂದು ಗೊರಗುಟ್ಟುತ್ತದೆ. ಅಲ್ಲಿ ಇಬ್ಬರು ಆಪರೇಟರುಗಳು ನಿಂತಿದ್ದಾರೆ. ಆದರೂ ವೆಂಕಟೇಶಪ್ಪ ಸ್ಕ್ರೂಡ್ರೈವರ್ ಚಾಚುವುದು ಹನುಮವ್ವನ ಕಡೆಗೇ. "ಒಂಚೂರು ಕೇಳಮ್ಮ."

"ಕೇಳ್ತೀನ್ರಿ. ಕಾರ್ಡಿನ್ಯಾಗ ಆಪರೇಟರ್ ಅಂತ ಬರಸ್ರಿ, ಮತ್ತೇನೂ ಬ್ಯಾಡ," ಎನ್ನುತ್ತಾ ಆಕೆ ಅತ್ತ ನಡೆಯುತ್ತಾರೆ. "ಪ್ಯಾಕಿಂಗಿನ್ಯಾಗ ಕುಂತ್ರ ಇಲ್ಲಿ ಸಪ್ಪಳ ಅಲ್ಲಿಗೆ ಕೇಳಂಗಿಲ್ರಿ."