ಬೋಸ್ನಿಯಾ ನೋಡದ ಬೋಸ್ನಿಯಾಕನಿಗೆ ಬಾಡಿಗೆ ಮನೆ

ಕುಡುಮಲಕುಂಟೆಯ ಕಾರ್ಖಾನೆಗೆ ಯಂತ್ರ ಜೋಡಿಸಲು ಸರ್ಬಿಯಾದಿಂದ ಬಂದಿದ್ದವನಿಗೆ ಗೌರಿಬಿದನೂರಿನಲ್ಲಿ ಯಾರೂ ಮನೆ ಕೊಡಲಿಲ್ಲ. ಕೊನೆಗೆ ನಮ್ಮ ಬೀದಿಯಲ್ಲಿ ಮನೆ ಬಾಡಿಗೆಗೆ ಕೊಡುತ್ತಿದ್ದ ಅಜ್ಜಿಯ ಬಳಿ ಅವನನ್ನು ಕರೆದೊಯ್ದೆ.

"ಯಾವ ಜನ?" ಎಂದರು.

"ಬೋಸ್ನಿಯಾಕರು, ಮುಸ್ಲಿಮರು."

"ಬೋಸ್ನಿಯಾದೋರಾ?"

"ಅಲ್ಲ, ಸರ್ಬಿಯಾದವರೇ. ಅಲ್ಲಿ ಅಲ್ಪಸಂಖ್ಯಾತರು." ಕಾಲೇಜಿನಲ್ಲಿ ಓದಿದ್ದ ಬಾಲ್ಕನ್ ಚರಿತ್ರೆಯನ್ನೆಲ್ಲ ಹೇಳಲು ಹೊರಟೆ.

"ಸಾಕು ಕಣಪ್ಪ. ನಾವೂ ಮನೇಲಿ ತೆಲುಗು ಆಡ್ತೀವಿ, ಆಂಧ್ರ ನೋಡೇ ಇಲ್ಲ. ಇವರೂ ಹಂಗೇ."

ಅಂದಮೇಲೆ ಅವನಿಗೂ ತೆಲುಗು ಬರಲೇಬೇಕೆಂದು ತೀರ್ಮಾನಿಸಿ, ಮನೆಯ ಷರತ್ತುಗಳನ್ನೆಲ್ಲ ತೆಲುಗಿನಲ್ಲೇ ವಿವರಿಸಿದರು. ಅವನು ಎಲ್ಲಕ್ಕೂ ತಲೆಯಾಡಿಸಿದ. ಕೊನೆಗೆ, ನಲ್ಲಿ ನೀರು ಎಷ್ಟೊತ್ತಿಗೆ ಬರುತ್ತದೆಂದು ತೆಲುಗಿನಲ್ಲೇ ಕೇಳಿದ. ಹಾಗಂತ ನನ್ನ ನೆನಪು ಹೇಳುತ್ತದೆ, ನಾನು ನಂಬುವುದಿಲ್ಲ. ಆದರೆ ಅಜ್ಜಿ "ಬೆಳಿಗ್ಗೆ" ಎಂದು ಉತ್ತರಿಸಿ ಬೀಗದಕೈ ಕೊಟ್ಟದ್ದನ್ನು ಕಣ್ಣಾರೆ ನೋಡಿದ್ದೇನೆ.